ಆಪರೇಷನ್ನಿಗೆ ಮುಂಚಿನ ಆರು ವಾರ

ಹುಬ್ಬಳ್ಳಿಯ ಶ್ರೀ ಸಿದ್ಧಾರೂಢ ಸ್ವಾಮೀಜಿ ರೈಲು ನಿಲ್ದಾಣದ ಪ್ಲಾಟ್‌ಫಾರ್ಮ್ 1507 ಮೀಟರ್ ಉದ್ದ. 2023ರ ಮಾರ್ಚಿನಲ್ಲಿ ಅದು ಉದ್ಘಾಟನೆಯಾದಾಗ, ಜಗತ್ತಿನಲ್ಲೇ ಅತಿ ಉದ್ದದ ಪ್ಲಾಟ್‌ಫಾರ್ಮ್ ನಮ್ಮದು ಎಂದು ಸಿಕ್ಕವರಿಗೆಲ್ಲ ಹೇಳಿಕೊಂಡು ತಿರುಗಿದವನು ನಾನು. ಅದಕ್ಕೆ ಮುಂಚೆ ಆ ಪಟ್ಟ 1366 ಮೀಟರಿನ ಗೋರಖಪುರದ್ದಾಗಿತ್ತು. ಮುಂದಿನ ವರ್ಷದ ಬೇಸಿಗೆಯಲ್ಲಿ ಅದೇ ಪ್ಲಾಟ್‌ಫಾರ್ಮು ನನ್ನ ಜಂಬ ಇಳಿಸಿತು.

ಪುಣೆಯಿಂದ ಬರುತ್ತಿದ್ದ ಮಗಳನ್ನು ಕರೆತರಲು ಧಾರವಾಡದಿಂದ ಹೋಗಿದ್ದೆ. ಜೊತೆಗೆ ಏಳನೇ ಇಯತ್ತೆಯ ಮೊಮ್ಮಗಳು. ಗಾಡಿ ಬಂತು, ಮಗಳಿದ್ದ ಡಬ್ಬಿ ಬಹಳ ಮುಂದೆ ಹೋಗಿ ನಿಂತಿತು. ನಾನು ನಾಲ್ಕು ಡಬ್ಬಿಗಳಷ್ಟು ದೂರ ನಡೆದಿದ್ದೆನೋ ಇಲ್ಲವೋ, ಬಲ ತೊಡೆಸಂದಿನಲ್ಲಿ ಯಾರೋ ಇಕ್ಕಳ ಹಾಕಿ ಹಿಡಿದಂತಾಯಿತು. ಹತ್ತಿರದ ಬೆಂಚಿನ ಮೇಲೆ ಕುಳಿತೆ. ಮೊಮ್ಮಗಳು ಓಡಿಹೋಗಿ ಅತ್ತೆಯ ಕೈ ಹಿಡಿದುಕೊಂಡು ಬಂದಳು.

"ಅಜ್ಜಾ, ನೀ ಇಲ್ಲೇ ಕೂತಿಯೇನು? ಅತ್ತಿ ಬಂದ್ಲು ನೋಡು, ಏಳು."

ಏಳಲು ಹೋದೆ, ಆಗಲಿಲ್ಲ. ಮಗಳು ಒಂದು ರಟ್ಟೆ ಹಿಡಿದಳು, ಮೊಮ್ಮಗಳು ಇನ್ನೊಂದು. ಮಗಳನ್ನು ಕರೆದುಕೊಂಡು ಬರಲು ಹೋದವನನ್ನು ಮಗಳೇ ಕರೆದುಕೊಂಡು ಬಂದಳು.

ನಾನು ಬಿ.ಕಾಂ. ಓದಿ ಬ್ಯಾಂಕಿನಲ್ಲಿ ಗುಮಾಸ್ತನಾಗಿದ್ದವನು. ವೈದ್ಯನಲ್ಲ. ಈಗ ಎಪ್ಪತ್ತು ದಾಟಿದ್ದೇನೆ. ಸೊಂಟದ ಕೀಲು ಬದಲಿಸುವ ಶಸ್ತ್ರಚಿಕಿತ್ಸೆಗೆ ಮುಂಚೆ ನಾನು ಮಾಡಿದ ಆರು ವಾರಗಳ ತಯಾರಿಯನ್ನು ಇಲ್ಲಿ ಬರೆಯುತ್ತಿದ್ದೇನೆ. ನಿಮ್ಮ ಮನೆಯಲ್ಲೂ ಅಜ್ಜನೋ ಅಜ್ಜಿಯೋ ಗೋಡೆ ಹಿಡಿದು ನಡೆಯುತ್ತಿದ್ದರೆ ಅವರಿಗೆ ಓದಿ ಹೇಳಿ.

ಮೊಣಕಾಲು ನೋವು ಎಂದುಕೊಂಡದ್ದು

ಮೊದಲ ಒಂದು ವರ್ಷ ನನಗೆ ಸೊಂಟದ ಕೀಲಿನ ಮೇಲೆ ಅನುಮಾನವೇ ಬರಲಿಲ್ಲ. ನೋಯುತ್ತಿದ್ದುದು ತೊಡೆಸಂದು, ಕೆಲವೊಮ್ಮೆ ಮೊಣಕಾಲು. ಹೀಗಾಗಿ ರಾತ್ರಿ ಮೊಣಕಾಲಿಗೆ ಎಣ್ಣೆ ತಿಕ್ಕಿ ಬಿಸಿನೀರಿನ ಶಾಖ ಕೊಟ್ಟುಕೊಳ್ಳುತ್ತಿದ್ದೆ. ಸೊಂಟದ ಕೀಲಿನ ನೋವು ಹೀಗೆ ಮೊಣಕಾಲಿಗೆ ಇಳಿದು ಮೋಸ ಮಾಡುವುದುಂಟು ಎಂದು ಆಮೇಲೆ ತಿಳಿಯಿತು. ಕಾಲುಚೀಲ ಹಾಕಿಕೊಳ್ಳಲು, ಕಾಲುಗುರು ಕತ್ತರಿಸಲು ಬಗ್ಗಲಾಗದಿದ್ದರೆ, ಚಕ್ಕಳಮಕ್ಕಳ ಕೂತರೆ ತೊಡೆ ಬಿಚ್ಚದಿದ್ದರೆ ಸೊಂಟದ ಕೀಲನ್ನೂ ಪರೀಕ್ಷೆ ಮಾಡಿಸಬೇಕು.

ಎಕ್ಸ್-ರೇ ನೋಡಿದ ಮೂಳೆ ವೈದ್ಯರು ಬಟ್ಟಲು ಮತ್ತು ಗುಂಡಿನ ಕಥೆ ಹೇಳಿದರು. ತೊಡೆಯ ಮೂಳೆಯ ತುದಿ ಚೆಂಡಿನಂತೆ ದುಂಡಗೆ ಇರುತ್ತದೆ. ಅದು ಸೊಂಟದ ಮೂಳೆಯ ಬಟ್ಟಲಿನಲ್ಲಿ ಕುಳಿತು ತಿರುಗುತ್ತದೆ. ಎರಡರ ಮೇಲೂ ನುಣ್ಣನೆಯ ಮೆದುಮೂಳೆಯ ಪದರ. ಆ ಪದರ ಸವೆದರೆ ಮೂಳೆಗೆ ಮೂಳೆ ತಿಕ್ಕುತ್ತದೆ. ನನ್ನ ಎಡಗಡೆಯ ಚಿತ್ರದಲ್ಲಿ ಗುಂಡಿಗೂ ಬಟ್ಟಲಿಗೂ ನಡುವೆ ಕಪ್ಪು ಗೆರೆ ಸ್ಪಷ್ಟವಾಗಿತ್ತು. ಬಲಗಡೆ ಆ ಗೆರೆಯೇ ಇರಲಿಲ್ಲ.

"ಬದಲಿಸೋದು ಒಳ್ಳೇದು" ಎಂದರು. ನನ್ನ ಮನಸ್ಸು ಅರವತ್ತು ವರ್ಷ ಹಿಂದಕ್ಕೆ ಓಡಿತು.

ನಾನು ಚಿಕ್ಕವನಿದ್ದಾಗ ನಮ್ಮ ಅಜ್ಜಿ ಬಚ್ಚಲಲ್ಲಿ ಜಾರಿಬಿದ್ದು ಟೊಂಕದ ಮೂಳೆ ಮುರಿದುಕೊಂಡಳು. ಹುಬ್ಬಳ್ಳಿಯಲ್ಲಿ 1957ರಲ್ಲೇ ಕರ್ನಾಟಕ ಮೆಡಿಕಲ್ ಕಾಲೇಜು, ಅಂದರೆ ಮುಂದೆ ಕಿಮ್ಸ್ ಎನಿಸಿಕೊಂಡದ್ದು, ಶುರುವಾಗಿತ್ತು. ಆದರೆ ನಮ್ಮ ಹಳ್ಳಿಮನೆಯಿಂದ ಅಷ್ಟು ದೂರ ಹೋಗುವ ಯೋಚನೆಯನ್ನೇ ಯಾರೂ ಮಾಡಲಿಲ್ಲ. ಅಜ್ಜಿ ನಡುಮನೆಯ ಕತ್ತಲೆ ಮೂಲೆಯಲ್ಲಿ ಮಲಗಿದವಳು ಮತ್ತೆ ಏಳಲಿಲ್ಲ. ಎಬ್ಬಿಸಲು, ಕೂರಿಸಲು ಇಬ್ಬರು ಬೇಕಾಗುತ್ತಿತ್ತು. "ನನ್ನಿಂದ ನಿಮಗ ತ್ರಾಸ" ಎಂದು ಆಕೆ ಹೇಳುತ್ತಿದ್ದ ಮಾತು ಇನ್ನೂ ಕಿವಿಯಲ್ಲಿದೆ. ನನ್ನ ಭಯ ಚಾಕುವಿನದಾಗಿರಲಿಲ್ಲ. ಆಪರೇಷನ್ ಆದಮೇಲೆ ನನ್ನನ್ನು ಎಬ್ಬಿಸುವವರು ಯಾರು ಎಂಬುದಾಗಿತ್ತು. ಮಗ ಸೊಸೆ ಇಬ್ಬರೂ ನೌಕರಿಗೆ ಹೋಗುತ್ತಾರೆ. ಹಗಲು ಮನೆಯಲ್ಲಿರುವವಳು ನನ್ನ ಹೆಂಡತಿ, ಆಕೆಗೂ ಎಪ್ಪತ್ತರ ಹತ್ತಿರ, ಬೆನ್ನುನೋವು ಬೇರೆ.

ಇದನ್ನೇ ವೈದ್ಯರ ಮುಂದೆ ಹೇಳಿದೆ. ಅವರು ನಕ್ಕು, "ಕುರ್ಚಿಯಿಂದ ಕೈ ಊರದೆ ಎದ್ದು ನಿಲ್ರಿ ನೋಡೋಣ" ಎಂದರು. ಎರಡು ಸಲ ಪ್ರಯತ್ನಿಸಿದೆ, ಎರಡು ಸಲವೂ ಧೊಪ್ಪನೆ ಕುಳಿತೆ.

"ನೋಡ್ರಿ, ಕೀಲು ಬದಲಿಸೋದು ನಮ್ಮ ಕೆಲಸ. ಮರುದಿನ ಎದ್ದು ನಿಲ್ಲೋದು ನಿಮ್ಮ ಕೆಲಸ. ಆರು ವಾರ ತಗೊಳ್ರಿ, ಕಾಲಿಗೂ ತೋಳಿಗೂ ಬಲ ತುಂಬಕೊಂಡು ಬರ್ರಿ."

ಬ್ಯಾಂಕಿನವನಿಗೆ ಈ ಮಾತು ಬೇಗ ತಿಳಿಯಿತು. ಖಾತೆಯಲ್ಲಿ ಇಟ್ಟಷ್ಟನ್ನೇ ತೆಗೆಯಬಹುದು. ನನ್ನ ಖಾತೆಯಲ್ಲಿ ಮಿನಿಮಮ್ ಬ್ಯಾಲೆನ್ಸೂ ಇರಲಿಲ್ಲ.

ತೊಡೆಯೊಳಗೆ ಪ್ಲಾಸ್ಟಿಕ್ ಇಟ್ಟುಕೊಂಡ ಡಾಕ್ಟರ್

"ಅಜ್ಜಾ, ಹಳೇದು ತಗದು ಏನು ಕೂಡಸ್ತಾರ?" ಎಂದು ಮೊಮ್ಮಗಳು ಕೇಳಿದಳು. ಮಕ್ಕಳಿಗೆ ಇಷ್ಟವಾಗುವ ಕಥೆ ಇದು.

ಇಂಗ್ಲೆಂಡಿನ ರೈಟಿಂಗ್‌ಟನ್ ಆಸ್ಪತ್ರೆಯಲ್ಲಿ ಜಾನ್ ಚಾರ್ನ್‌ಲಿ ಎಂಬ ಮೂಳೆ ವೈದ್ಯರಿದ್ದರು. ತೊಡೆಯ ಮೂಳೆಗೆ ಉಕ್ಕಿನ ಗುಂಡು, ಸೊಂಟಕ್ಕೆ ಜಾರುವ ಪ್ಲಾಸ್ಟಿಕ್ಕಿನ ಬಟ್ಟಲು ಕೂರಿಸುವುದು ಅವರ ಯೋಚನೆ. ಮೊದಲು ಟೆಫ್ಲಾನ್ ಬಳಸಿದರು, ಈಗ ನಾನ್‌ಸ್ಟಿಕ್ ತವೆಗೆ ಹಚ್ಚುತ್ತಾರಲ್ಲ, ಅದೇ. ರೋಗಿಗಳು ಮೊದಮೊದಲು ಚೆನ್ನಾಗಿ ನಡೆದರು. ಆದರೆ ಕೆಲವೇ ವರ್ಷಗಳಲ್ಲಿ ಬಟ್ಟಲು ಸವೆಯಿತು, ಉದುರಿದ ಪುಡಿಯಿಂದ ಕೀಲಿನ ಸುತ್ತ ಕೆಟ್ಟ ಪರಿಣಾಮವಾಯಿತು. ಚಾರ್ನ್‌ಲಿ ತಪ್ಪನ್ನು ಮುಚ್ಚಿಡಲಿಲ್ಲ. ಆ ವಸ್ತು ದೇಹದೊಳಗೆ ಏನು ಮಾಡುತ್ತದೆ ಎಂದು ತಿಳಿಯಲು ತಮ್ಮ ತೊಡೆಯೊಳಗೇ ಅದನ್ನು ಸೇರಿಸಿಕೊಂಡು ನೋಡಿದರು. ಆಮೇಲೆ ಗಟ್ಟಿಯಾದ ಪಾಲಿಥಿಲೀನ್ ಎಂಬ ಬೇರೆ ಪ್ಲಾಸ್ಟಿಕ್ ಹಿಡಿದು 1962ರಿಂದ ಹೊಸ ಬಟ್ಟಲು ಕೂರಿಸತೊಡಗಿದರು. ಅದು ನಿಂತಿತು. ಅವರ ಉಕ್ಕಿನ ಗುಂಡು ಸುಮಾರು 22 ಮಿಲಿಮೀಟರ್ ಅಗಲ. ಈಗ 28, 32, 36 ಮಿಲಿಮೀಟರಿನವು ಬಂದಿವೆ, ಲೋಹದವು, ಸಿರಾಮಿಕ್ಕಿನವು ಎರಡೂ ಉಂಟು.

ಕೀಲು ಹೊಸದಾಗಿ ಸಿಗುತ್ತದೆ. ಆದರೆ ಅದನ್ನು ಎಳೆದು ಆಡಿಸುವ ಸ್ನಾಯುಗಳು ಹಳೆಯವೇ. ನೋವಿಗೆ ಹೆದರಿ ಎರಡು ವರ್ಷ ಕೂತವನ ಸ್ನಾಯುಗಳು ಸೊರಗಿರುತ್ತವೆ. ಅದಕ್ಕೇ ವ್ಯಾಯಾಮ.

ಚಿಗರಿ ಹತ್ತಿದ ಕುಂಟ

ಮಣ್ಣೆತ್ತಿನ ಅಮವಾಸ್ಯೆಯ ಮರುದಿನ ಶುರುಮಾಡಿದೆ. ವಾರಕ್ಕೊಮ್ಮೆ ಹುಬ್ಬಳ್ಳಿಯ ವಿದ್ಯಾನಗರದಲ್ಲಿ ಫಿಸಿಯೋಥೆರಪಿ, ಉಳಿದ ದಿನ ಮನೆಯಲ್ಲೇ. ಹೋಗಿಬರಲು ಚಿಗರಿ ಬಸ್ಸು. ನಮ್ಮ ಕಡೆ ಚಿಗರಿ ಎಂದರೆ ಜಿಂಕೆ. ಕುಂಟುವವನು ಜಿಂಕೆ ಹತ್ತಿ ಹೊರಟನೆಂದು ನನ್ನ ಹೆಂಡತಿ ನಗುತ್ತಿದ್ದಳು. ಆ ಬಸ್ಸಿನ ನೆಲವೂ ನಿಲ್ದಾಣದ ನೆಲವೂ ಒಂದೇ ಮಟ್ಟ. ಮೆಟ್ಟಿಲು ಹತ್ತುವ ತಾಪತ್ರಯವಿಲ್ಲ. ಕಾಲು ನೋಯುವವರಿಗೆ ಅದೆಷ್ಟು ಉಪಕಾರವೆಂದು ಕಾಲು ನೋಯುವವರೇ ಬಲ್ಲರು.

ಫಿಸಿಯೋಥೆರಪಿಯ ಹುಡುಗಿ ನನ್ನ ಮೊಮ್ಮಗಳಿಗಿಂತ ಹತ್ತು ಹನ್ನೆರಡು ವರ್ಷ ದೊಡ್ಡವಳಿರಬಹುದು. ಮೊದಲ ದಿನವೇ ಒಂದು ಮಾತು ಹೇಳಿದಳು.

"ಕಾಕಾ, ಇದರಿಂದ ಸವದಿದ್ದ ಕೀಲು ಮತ್ತ ಬರಂಗಿಲ್ಲ. ಆ ಆಸೆ ಇಟಗೋಬ್ಯಾಡ್ರಿ. ಆಪರೇಷನ್ ಆದಮ್ಯಾಲೆ ನಿಮ್ಮನ್ನ ಎತ್ತೋದು ನಿಮ್ಮ ಎರಡೂ ತೋಳು, ಎಡಗಾಲು. ನೋವಿನ ಕಾಲಿಗಷ್ಟ ಅಲ್ಲ, ಅವಕ್ಕೂ ತಾಲೀಮು ಬೇಕು."

ಅಲ್ಲಿಯವರೆಗೆ ನಾನು ನೋಯುವ ಕಾಲನ್ನಷ್ಟೇ ಯೋಚಿಸಿದ್ದೆ.

ಮಲಗಿ ಮಾಡುವವು

ಇವನ್ನು ಗಟ್ಟಿ ಹಾಸಿಗೆಯ ಮಂಚದ ಮೇಲೆ ಮಾಡುತ್ತಿದ್ದೆ. ನೆಲಕ್ಕೆ ಇಳಿದರೆ ಏಳುವುದೇ ಕಷ್ಟ.

ಮೊದಲನೆಯದು ಪಾದ ಆಡಿಸುವುದು. ಕಾಲು ಚಾಚಿ, ಪಾದವನ್ನು ನಮ್ಮ ಕಡೆ ಎಳೆದುಕೊಂಡು ಮತ್ತೆ ಮುಂದಕ್ಕೆ ಒತ್ತಬೇಕು, 20 ಸಲ. ಮೀನಖಂಡದ ಸ್ನಾಯು ಹಿಂಡಿದಾಗ ರಕ್ತ ಮೇಲಕ್ಕೆ ಹರಿಯುತ್ತದೆ. ಆಪರೇಷನ್ ಆದಮೇಲೆ ಮಲಗಿದಲ್ಲೇ ಕಾಲಿನ ರಕ್ತ ಹೆಪ್ಪುಗಟ್ಟುವ ಅಪಾಯವಿರುವುದರಿಂದ ಮೊದಲ ದಿನದಿಂದಲೇ ಬೇಕಾಗುವ ವ್ಯಾಯಾಮ ಇದು.

ಎರಡನೆಯದು ತೊಡೆ ಬಿಗಿ ಹಿಡಿಯುವುದು. ಮೊಣಕಾಲಿನ ಕೆಳಗೆ ಸುತ್ತಿದ ಟವೆಲ್ ಇಟ್ಟು, ಅದನ್ನು ಮೊಣಕಾಲಿನ ಹಿಂಬದಿಯಿಂದ ಕೆಳಗೆ ಒತ್ತಬೇಕು. ತೊಡೆಯ ಮುಂಭಾಗ ಕಲ್ಲಿನಂತಾಗುತ್ತದೆ. ಐದು ಎಣಿಸಿ ಬಿಡಬೇಕು.

ಮೂರನೆಯದು ಪೃಷ್ಠ ಬಿಗಿ ಹಿಡಿಯುವುದು. ಎರಡೂ ಕಡೆಯ ಸ್ನಾಯುಗಳನ್ನು ಒಟ್ಟಿಗೆ ಹಿಂಡಿ ಐದು ಎಣಿಸಿ ಬಿಡುವುದು. ಯಾರಿಗೂ ಗೊತ್ತಾಗದಂತೆ ಬಸ್ಸಿನಲ್ಲಿ ಕುಳಿತೂ ಮಾಡಬಹುದು. ಮೊಮ್ಮಗಳು ಇದನ್ನು "ಗುಟ್ಟಿನ ವ್ಯಾಯಾಮ" ಎಂದಳು.

ನಾಲ್ಕನೆಯದು ಹಿಮ್ಮಡಿ ಜಾರಿಸುವುದು. ಹಿಮ್ಮಡಿಯನ್ನು ಹಾಸಿಗೆಯ ಮೇಲೆ ಸವರುತ್ತ ಪೃಷ್ಠದ ಕಡೆಗೆ ತಂದು, ಮತ್ತೆ ನಿಧಾನವಾಗಿ ಚಾಚುವುದು. ಮೊಣಕಾಲು ಒಳಕ್ಕೆ ವಾಲಬಾರದು. ಹಿಮ್ಮಡಿಯ ಕೆಳಗೆ ಪ್ಲಾಸ್ಟಿಕ್ ಚೀಲ ಇಟ್ಟರೆ ಸಲೀಸಾಗಿ ಜಾರುತ್ತದೆ.

ಐದನೆಯದು ಕಾಲು ಬದಿಗೆ ಸರಿಸುವುದು. ಮೊಣಕಾಲು ನೆಟ್ಟಗೆ, ಬೆರಳುಗಳು ಸೂರಿನ ಕಡೆ. ಕಾಲನ್ನು ಹೊರಬದಿಗೆ ಜಾರಿಸಿ ಮತ್ತೆ ತರಬೇಕು. ಸಿಗುವಷ್ಟೇ ದೂರ, ಎಳೆದಾಡುವಂತಿಲ್ಲ.

ಕುಳಿತು ಮಾಡುವವು

ಗಟ್ಟಿಮುಟ್ಟಾದ, ಕೈಯಿರುವ ಕುರ್ಚಿ ಬೇಕು. ಪ್ಲಾಸ್ಟಿಕ್ ಕುರ್ಚಿ ಜಾರುತ್ತದೆ, ಬೇಡ. ನಮ್ಮ ಹಳೆಯ ಸಾಗವಾನಿ ಕುರ್ಚಿಯನ್ನು ಗೋಡೆಗೆ ಒತ್ತಿ ಇಟ್ಟಿದ್ದೆವು.

ಮೊಣಕಾಲು ಚಾಚುವುದು ಸುಲಭದ್ದು. ಕುಳಿತಲ್ಲೇ ಕಾಲನ್ನು ಮುಂದಕ್ಕೆ ನೆಟ್ಟಗೆ ಎತ್ತಿ, ಐದು ಎಣಿಸಿ, ಮೆಲ್ಲಗೆ ಇಳಿಸುವುದು. ಎರಡೂ ಕಾಲಿಗೂ ಮಾಡಬೇಕು.

ತೋಳಿನ ವ್ಯಾಯಾಮದಲ್ಲಿ ಕುರ್ಚಿಯ ಎರಡೂ ಕೈಗಳ ಮೇಲೆ ಅಂಗೈ ಊರಿ, ಮೊಣಕೈ ನೇರ ಮಾಡುತ್ತ ದೇಹವನ್ನು ಸ್ವಲ್ಪ ಮೇಲಕ್ಕೆತ್ತಬೇಕು. ವಾಕರ್ ಹಿಡಿದು ನಡೆಯುವಾಗ ಮೈಭಾರ ಹೊರುವುದು ಇದೇ ತೋಳುಗಳು. ಆಯುಷ್ಯವೆಲ್ಲ ನೋಟು ಎಣಿಸಿದ ಕೈಗಳಿವು, ಬೆರಳಿಗೆ ಚುರುಕಿತ್ತು, ರಟ್ಟೆಗೆ ಶಕ್ತಿ ಇರಲಿಲ್ಲ. ಮೊದಲ ವಾರ ಒಂದು ಬೆರಳಿನಷ್ಟೂ ಮೇಲೇಳಲಿಲ್ಲ.

ಎಲ್ಲಕ್ಕಿಂತ ಮುಖ್ಯವಾದದ್ದು ಕುಳಿತು ಏಳುವುದು. ಮೊದಲು ಕುರ್ಚಿಯ ಮೇಲೆ ಎರಡು ದಿಂಬು ಹಾಕಿ ಎತ್ತರ ಮಾಡಿಕೊಂಡೆ. ಕುರ್ಚಿಯ ಅಂಚಿಗೆ ಸರಿದು, ಪಾದ ಗಟ್ಟಿಯಾಗಿ ಊರಿ, ಕೈಯ ಆಸರೆಯಿಂದ ಎದ್ದು, ಅಷ್ಟೇ ನಿಧಾನವಾಗಿ ಕೂರುವುದು. ಧೊಪ್ಪನೆ ಬೀಳುವಂತಿಲ್ಲ. ಬಲ ಬಂದಂತೆ ಒಂದು ದಿಂಬು, ಆಮೇಲೆ ಇನ್ನೊಂದು ತೆಗೆದೆ.

ನಿಂತು ಮಾಡುವವು

ಅಡುಗೆಮನೆಯ ಕಟ್ಟೆ ಹಿಡಿದು ನಿಲ್ಲಬೇಕು. ಒಂದು ಕಾಲನ್ನು ನೆಟ್ಟಗಿಟ್ಟು ಬದಿಗೆ ಎತ್ತಿ ಇಳಿಸುವುದು, ಆಮೇಲೆ ಅದೇ ಕಾಲನ್ನು ಹಿಂದಕ್ಕೆ. ಮೈ ವಾಲಬಾರದು. ಬದಿಗೆ ಎತ್ತುವ ಸ್ನಾಯು ಪೃಷ್ಠದ ಪಕ್ಕದಲ್ಲಿದೆ. ಒಂಟಿ ಕಾಲಿನ ಮೇಲೆ ನಿಂತಾಗ ಸೊಂಟ ಜೋಲದಂತೆ ಹಿಡಿಯುವುದು ಅದೇ. ಅದು ಸೊರಗಿದರೆ ಬಾತುಕೋಳಿಯಂತೆ ಅತ್ತಿತ್ತ ವಾಲಿ ನಡೆಯುತ್ತೇವೆ. ಜೊತೆಗೆ ಹಿಮ್ಮಡಿ ಎತ್ತಿ ತುದಿಗಾಲಲ್ಲಿ ನಿಲ್ಲುವುದು, ಮೊಣಕಾಲು ತುಸುವೇ ಬಗ್ಗಿಸಿ ಏಳುವುದು.

ಪಂಚಮಿಯ ಹೊತ್ತಿಗೆ ಆರನೇ ವಾರ. ಹಿತ್ತಲ ಮಾವಿನ ಮರಕ್ಕೆ ಜೋಕಾಲಿ ಕಟ್ಟಿದ್ದರು. ಮೊಮ್ಮಗಳು ಅಲ್ಲಿ ಜೀಕುತ್ತಿದ್ದರೆ ನಾನು ಅಡುಗೆ ಕಟ್ಟೆ ಹಿಡಿದು ಕಾಲು ಬೀಸುತ್ತಿದ್ದೆ. "ಅಜ್ಜನ ಜೋಕಾಲಿ ಒಳಗ ನಡದೈತಿ!" ಎಂದು ಗೆಳತಿಯರನ್ನೆಲ್ಲ ಕರೆತಂದು ತೋರಿಸಿದಳು.

ಎಷ್ಟು ಮಾಡಬೇಕು?

ಎಲ್ಲವನ್ನೂ ಮುಂಜಾನೆ ಒಮ್ಮೆ, ಸಂಜೆ ಒಮ್ಮೆ. ಐದರಿಂದ ಶುರುಮಾಡಿ ಮೆಲ್ಲಗೆ ಹತ್ತಕ್ಕೆ ಏರಿಸಿದೆ. ಉಸಿರು ಕಟ್ಟಬಾರದು, ರಕ್ತದೊತ್ತಡ ಏರುತ್ತದೆ. ಅದಕ್ಕೆ ಸುಲಭ ಉಪಾಯ ಬಾಯಿಬಿಟ್ಟು ಗಟ್ಟಿಯಾಗಿ ಎಣಿಸುವುದು. ಎಣಿಸುತ್ತಿದ್ದರೆ ಉಸಿರು ತಾನಾಗಿಯೇ ಆಡುತ್ತದೆ.

ನೋವಿನ ವಿಷಯದಲ್ಲಿ ಫಿಸಿಯೋ ಹುಡುಗಿ ಕೊಟ್ಟ ಅಳತೆ ಹೀಗಿತ್ತು. ಸ್ನಾಯು ದಣಿದು ನೋಯುವುದು ಸರಿ, ಸ್ವಲ್ಪ ಹೊತ್ತಿಗೆ ಇಳಿಯಬೇಕು. ಮರುದಿನ ಬೆಳಗ್ಗೆಯೂ ನೋವು ಹೆಚ್ಚೇ ಇದ್ದರೆ ಹಿಂದಿನ ದಿನ ಜಾಸ್ತಿಯಾಯಿತು ಎಂದರ್ಥ, ಕಡಿಮೆ ಮಾಡಬೇಕು. ಕೀಲಿನೊಳಗೆ ಚುಚ್ಚಿದಂತಾದರೆ ಅಲ್ಲಿಗೇ ನಿಲ್ಲಿಸಬೇಕು. ಎದೆನೋವು, ತಲೆಸುತ್ತು ಬಂದರೂ ನಿಲ್ಲಿಸಿ ವೈದ್ಯರನ್ನು ಕಾಣಬೇಕು. ಎಲ್ಲರ ಕೀಲೂ ಒಂದೇ ಥರ ಸವೆದಿರುವುದಿಲ್ಲ, ಎಲ್ಲರ ಹೃದಯವೂ ಒಂದೇ ಅಲ್ಲ. ನಾನು ಮಾಡಿದ್ದನ್ನು ನಿಮ್ಮ ವೈದ್ಯರಿಗೆ ತೋರಿಸಿ, ಅವರು ಹೂಂ ಎಂದಮೇಲೆ ಮಾಡಿ.

ಖೊಟ್ಟಿ ಲೆಕ್ಕ ಬರೆದ ದಿನ

ಮೊಮ್ಮಗಳು ಒಂದು ವಹಿಯಲ್ಲಿ ಗೆರೆ ಎಳೆದು ನನಗೆ ಲೆಡ್ಜರ್ ಮಾಡಿಕೊಟ್ಟಿದ್ದಳು. ತಾರೀಖು, ವ್ಯಾಯಾಮ, ಮುಂಜಾನೆ, ಸಂಜೆ. ನಾನು ಬರೆಯುವುದು, ಶಾಲೆಯಿಂದ ಬಂದಮೇಲೆ ಆಕೆ ತಪಾಸಣೆ ಮಾಡಿ ಸಹಿ ಹಾಕುವುದು.

ಮೂರನೇ ವಾರ, ಆಷಾಢದ ಜಿಟಿಜಿಟಿ ಮಳೆ. ಮೈಯೆಲ್ಲ ಭಾರ. ಬೆಳಗ್ಗೆ ಏಳುವ ಮನಸ್ಸಾಗಲಿಲ್ಲ. ಚಹಾ ಕುಡಿದು, ಪೇಪರ್ ಓದಿ, ವಹಿಯಲ್ಲಿ ಎಲ್ಲ ಸಾಲಿಗೂ 8, 8, 8 ಎಂದು ಬರೆದುಬಿಟ್ಟೆ. ನೌಕರಿಯಲ್ಲಿ ಒಂದು ಪೈಸೆ ತಾಳೆಯಾಗದಿದ್ದರೆ ರಾತ್ರಿ ಒಂಬತ್ತರವರೆಗೆ ಕುಳಿತು ಹುಡುಕುತ್ತಿದ್ದವನು ನಾನು!

ಸಂಜೆ ಮೊಮ್ಮಗಳು ವಹಿ ನೋಡಿದಳು, ಕುರ್ಚಿ ನೋಡಿದಳು.

"ಅಜ್ಜಾ, ಅಜ್ಜಿ ಮಡಚಿಟ್ಟ ಅರಿವಿ ಮುಂಜಾನಿಂದ ಕುರ್ಚಿ ಮ್ಯಾಲೆ ಹಂಗೇ ಅದಾವು. ನೀ ಎಂಟು ಸಲ ಎಲ್ಲಿ ಕೂತು ಎದ್ದಿ?"

ನನಗೆ ಮಾತು ಹೊರಡಲಿಲ್ಲ. ಇನ್‌ಸ್ಪೆಕ್ಷನ್ನಿಗೆ ಬಂದ ದೊಡ್ಡ ಸಾಹೇಬರ ಮುಂದೂ ಅಷ್ಟು ತಲೆತಗ್ಗಿಸಿದ್ದಿಲ್ಲ. "ಮಾಡಿಲ್ಲವಾ, ಸುಳ್ಳು ಬರದೆ" ಎಂದು ಒಪ್ಪಿಕೊಂಡೆ. ಆಕೆ ರಬ್ಬರ್ ತಂದಳು. ನಾನು ಬೇಡವೆಂದೆ. ಬ್ಯಾಂಕಿನಲ್ಲಿ ತಪ್ಪನ್ನು ಉಜ್ಜಿ ಅಳಿಸುವಂತಿಲ್ಲ. ತಪ್ಪು ಕಾಣುವಂತೆ ಅದರ ಮೇಲೆ ಒಂದು ಗೆರೆ ಎಳೆದು, ಸರಿಯಾದದ್ದನ್ನು ಬರೆದು, ಪಕ್ಕದಲ್ಲಿ ಸಹಿ ಮಾಡಬೇಕು. ಹಾಗೇ ಮಾಡಿದೆ. 8 ಹೊಡೆದು 0 ಬರೆದೆ. ಇಬ್ಬರೂ ಸಹಿ ಹಾಕಿದೆವು. ಆ ಸಂಜೆಯ ಎಂಟನ್ನು ಆಕೆಯ ಎದುರಿಗೇ ಎಣಿಸಿ ಮಾಡಿದೆ.

ಹೊಟ್ಟೆ, ಹಲ್ಲು, ಹೊಸ್ತಿಲು

ವ್ಯಾಯಾಮದ ಜೊತೆಗೆ ಇನ್ನೂ ಕೆಲವು ತಯಾರಿ. ಸ್ನಾಯು ಬೆಳೆಯಲು ಪ್ರೋಟೀನ್ ಬೇಕು. ಅದು ನಮ್ಮ ಅಡುಗೆಮನೆಯಲ್ಲೇ ಇದೆ. ಮಡಿಕೆಕಾಳು, ಹೆಸರುಕಾಳಿನ ಪಲ್ಯ, ಝುಣಕ, ಶೇಂಗಾ ಚಟ್ನಿ, ಮೊಸರು. ರೊಟ್ಟಿ ಒಂದು ಕಡಿಮೆ, ಕಾಳು ಒಂದು ಸೌಟು ಜಾಸ್ತಿ. ಪಂಚಮಿಯ ಉಂಡಿಗೆ ಮಾತ್ರ ಲೆಕ್ಕ ಹಾಕಿ ದಿನಕ್ಕೊಂದೇ. ಸೊಂಟದ ಮೇಲಿನ ಭಾರ ಹೆಚ್ಚಾದರೆ ಹೊರುವವನು ನಾನೇ.

ಸಕ್ಕರೆ, ಹಿಮೋಗ್ಲೋಬಿನ್, ಹೃದಯದ ಪರೀಕ್ಷೆ ಆದವು. ಹುಳುಕು ಹಲ್ಲಿಗೆ ಮುಂಚೆಯೇ ಚಿಕಿತ್ಸೆ ಮಾಡಿಸಿದೆ, ಬಾಯಿಯ ಸೋಂಕು ರಕ್ತದ ಮೂಲಕ ಹೊಸ ಕೀಲಿಗೆ ತಲುಪಬಾರದು. ಕಾಲಿನಲ್ಲಿ ಗಾಯ, ಕಜ್ಜಿ ಇದ್ದರೂ ಹೇಳಬೇಕು. ತಂಬಾಕು, ಬೀಡಿ, ಸಿಗರೇಟು ಇದ್ದವರು ಬಿಡಲೇಬೇಕು, ಗಾಯ ಮಾಯುವುದು ತಡವಾಗುತ್ತದೆ. ರಕ್ತ ತೆಳುವಾಗಿಸುವ ಗುಳಿಗೆ ತಿನ್ನುವವರು ತಾವಾಗಿ ನಿಲ್ಲಿಸಬಾರದು, ಮುಂದುವರಿಸಲೂಬಾರದು, ವೈದ್ಯರನ್ನು ಕೇಳಬೇಕು.

ಮನೆಯಲ್ಲಿ ಮಗ ಭಾನುವಾರವೊಂದನ್ನು ಕೊಟ್ಟ. ಜಾರುವ ಚಾಪೆ, ಕಾಲೊರಸು ತೆಗೆದ. ಬಚ್ಚಲಿನ ಪಾಚಿ ತಿಕ್ಕಿ, ಗೋಡೆಗೆ ಹಿಡಿಕೆ ಕೂರಿಸಿದ. ಕಮೋಡಿನ ಮೇಲೆ ಎತ್ತರಿಸುವ ಸೀಟು ತಂದ. ನಮ್ಮದು ಹಳೆಯ ಮನೆ, ಹೊಸ್ತಿಲು ಎತ್ತರ. ವಾಕರ್ ಅನ್ನು ಬಾಡಿಗೆಗೆ ಮೊದಲೇ ತಂದು ಹೊಸ್ತಿಲು ದಾಟುವ ಅಭ್ಯಾಸ ಮಾಡಿದೆ. ಏರುವಾಗ ಗಟ್ಟಿ ಕಾಲು ಮೊದಲು, ಇಳಿಯುವಾಗ ಆಪರೇಷನ್ನಿನ ಕಾಲು ಮೊದಲು. ಇದನ್ನು ಮುಂಚೆಯೇ ಕಲಿತರೆ ಒಳ್ಳೆಯದು, ನೋವಿನಲ್ಲಿ ತಲೆ ಓಡುವುದಿಲ್ಲ.

ನಮ್ಮ ವೈದ್ಯರು ಮೂರು ನಿಷೇಧಗಳನ್ನೂ ಮೊದಲೇ ಹೇಳಿದ್ದರು. ಸೊಂಟವನ್ನು ಕಾಟಕೋನಕ್ಕಿಂತ ಹೆಚ್ಚು ಬಗ್ಗಿಸಬಾರದು, ಕಾಲ ಮೇಲೆ ಕಾಲು ಹಾಕಬಾರದು, ಕಾಲನ್ನು ಒಳಕ್ಕೆ ತಿರುಚಬಾರದು. ಯಾವ ಬದಿಯಿಂದ ಕೊಯ್ದು ಕೀಲು ಕೂರಿಸುತ್ತಾರೆ ಎಂಬುದರ ಮೇಲೆ ಈ ನಿಯಮ ಬದಲಾಗಬಹುದು. ನನ್ನ ಮಟ್ಟಿಗೆ ಇದರ ಅರ್ಥ, ನೆಲದ ಮೇಲೆ ಪಂಕ್ತಿಯಲ್ಲಿ ಕೂತು ಉಣ್ಣುವುದು ಮುಗಿಯಿತು. ಪಂಚಮಿಯ ದಿನ ಹೇಗೋ ಗೋಡೆಗೆ ಒರಗಿ ಮಣೆಯ ಮೇಲೆ ಕೂತು ಊಟ ಮಾಡಿದೆ. ಕೊನೆಯ ಸಲ ಎಂದು ಗೊತ್ತಿತ್ತು. ಬಡಿಸುತ್ತಿದ್ದ ಹೆಂಡತಿಗೂ ಗೊತ್ತಿತ್ತು, ಏನೂ ಅನ್ನದೆ ಇನ್ನೊಂದು ಹೋಳಿಗೆ ಹಾಕಿದಳು.

ಎದ್ದ ದಿನ

ಆಪರೇಷನ್ನಿನ ಹಿಂದಿನ ರಾತ್ರಿ ಮೊಮ್ಮಗಳು ಲೆಡ್ಜರ್ ಮುಗಿಸಿದಳು. ಕುಳಿತು ಏಳುವ ಸಾಲಿನದು ಹೀಗೆ. ಮೊದಲ ವಾರ ಹೊತ್ತಿಗೆ ಐದರಂತೆ 70. ಎರಡು ಮತ್ತು ಮೂರನೇ ವಾರ ಹೊತ್ತಿಗೆ ಎಂಟರಂತೆ 224, ಅದರಲ್ಲಿ ಖೊಟ್ಟಿ ಬರೆದ 8 ಕಳೆದು 216. ಕೊನೆಯ ಮೂರು ವಾರ ಹೊತ್ತಿಗೆ ಹತ್ತರಂತೆ 420. ಒಟ್ಟು 706. ಮಕ್ಕಳೇ, ಕೂಡಿಸಿ ನೋಡಿ, ತಾಳೆಯಾಗುತ್ತದೆ.

ಶಸ್ತ್ರಚಿಕಿತ್ಸೆಯ ಮರುದಿನ ಬೆಳಗ್ಗೆ ಹಾಸಿಗೆಯ ಅಂಚಿಗೆ ಕೂರಿಸಿದರು. ಎದುರಿಗೆ ವಾಕರ್. ನೋವಿತ್ತು, ಇಲ್ಲವೆಂದು ಬರೆದರೆ ಅದೂ ಖೊಟ್ಟಿ ಲೆಕ್ಕವಾದೀತು. ಆದರೆ ಅದು ಕೊಯ್ದ ಗಾಯದ ನೋವು. ಇಕ್ಕಳ ಹಿಡಿದಂಥ ಆ ಹಳೆಯ ನೋವು ಹುಡುಕಿದರೂ ಸಿಗಲಿಲ್ಲ. ಹಾಸಿಗೆಗೆ ಅಂಗೈ ಊರಿ, ಎಡಗಾಲಿಗೆ ಭಾರ ಕೊಟ್ಟು, "ಏಳುನೂರಾ ಏಳು" ಎಂದು ಎಣಿಸಿ ಎದ್ದೆ. ನರ್ಸಮ್ಮನಿಗೆ ಅರ್ಥವಾಗಲಿಲ್ಲ.

ಮನೆಗೆ ಬಂದ ಮೊದಲ ದಿನ ಮಧ್ಯಾಹ್ನ ಮನೆಯಲ್ಲಿ ನಾವಿಬ್ಬರೇ. ವಾಕರ್ ಹಿಡಿದು ಸಂಡಾಸಕ್ಕೆ ಹೋದೆ. ನನ್ನ ಹೆಂಡತಿ ಬಾಗಿಲ ಹೊರಗೆ ನಿಂತಳು. ಬೆನ್ನು ನೋಯುವ ಆಕೆ, ನನ್ನನ್ನು ಎತ್ತಬೇಕಾದೀತೆಂದು ಸೆರಗು ಸಿಕ್ಕಿಸಿ ತಯಾರಾಗಿದ್ದಳಂತೆ.

"ರೀ, ಏಳ್ಲಿಕ್ಕೆ ಬರ್ತೈತೇನ್ರಿ? ಬರ್ಲೇನು?"

"ಬ್ಯಾಡ, ಎದ್ದೆ."

ಆಚೆ ಸ್ವಲ್ಪ ಹೊತ್ತು ಸದ್ದಿಲ್ಲ. ಆಮೇಲೆ ಆಕೆ ಮೂಗು ಏರಿಸಿದ್ದು ಕೇಳಿಸಿತು. ಆ ಹೊತ್ತಿನಲ್ಲಿ ನನಗೆ ನೆನಪಾದದ್ದು ಕತ್ತಲೆ ಮೂಲೆಯ ನಮ್ಮ ಅಜ್ಜಿ.

ವ್ಯಾಯಾಮ ಅಲ್ಲಿಗೇ ಮುಗಿಯಲಿಲ್ಲ. ಅವೇ ಪಾದ ಆಡಿಸುವುದು, ತೊಡೆ ಬಿಗಿ ಹಿಡಿಯುವುದು ಮತ್ತೆ ಮೊದಲಿನಿಂದ. ವ್ಯತ್ಯಾಸವೆಂದರೆ ಈಗ ದೇಹಕ್ಕೆ ಅವು ಗೊತ್ತಿದ್ದವು, ಹೊಸದಾಗಿ ಕಲಿಯಬೇಕಿರಲಿಲ್ಲ. ವಾಕರ್ ಹೋಗಿ ಕೋಲು ಬಂತು. ಎಂಟು ವಾರಕ್ಕೆ ದಸರೆ. ಕೋಲೂರಿಕೊಂಡು ನಮ್ಮ ಓಣಿಯ ಹಿರಿಯರ ಮನೆಗೆಲ್ಲ ನಡೆದುಹೋಗಿ ಬನ್ನಿ ಕೊಟ್ಟುಬಂದೆ. ಬಗ್ಗಿ ಕಾಲು ಮುಟ್ಟಲಿಲ್ಲ, ಡಾಕ್ಟರರ ನಿಷೇಧವಿದೆ ಎಂದು ಹೇಳಿ ಕೈಮುಗಿದೆ.

ಮುಂದೆ ಜನವರಿಯಲ್ಲಿ ಮಗಳು ಸಂಕ್ರಾಂತಿಗೆ ಬಂದು ಮರಳಿ ಹೊರಟಾಗ ಕಳಿಸಲು ಹುಬ್ಬಳ್ಳಿಗೆ ಹೋದೆ. ಗಾಡಿ ಹೋದಮೇಲೆ ಮೊಮ್ಮಗಳು, "ಅಜ್ಜಾ, ಪೂರಾ ಪ್ಲಾಟ್‌ಫಾರ್ಮ್ ಅಡ್ಡಾಡೋಣೇನು?" ಎಂದಳು. ಈ ತುದಿಯಿಂದ ಆ ತುದಿಗೆ ನಡೆದೆವು. ಮೂರು ಕಡೆ ಬೆಂಚಿನ ಮೇಲೆ ಕುಳಿತೆ. ಮೂರು ಸಲವೂ ಆಕೆ ರಟ್ಟೆ ಹಿಡಿಯಲು ಕೈ ಚಾಚಿದಳು. ನಾನು ಕೈ ಕೊಡಲಿಲ್ಲ, ಎಣಿಸು ಎಂದೆ.